ಮಕ್ಕಳ ಹೆಸರು ಸದನದ ನಡಾವಳಿಗೆ ಹೋಗಲಿ

ಓದುಗರ ಪತ್ರ: ಸಂಪಾದಕರೇ, ಮಕ್ಕಳ ದಿನಾಚರಣೆ ಬಂತೆಂದರೆ ವಿಧಾನಸೌಧದಲ್ಲಿ ನೆಹರೂ ಫೋಟೊಗೆ ಹಾರ, ಮಕ್ಕಳಿಗೆ ಶಾಲು, ಒಂದು ಗ್ರೂಪ್ ಫೋಟೊ. ಅಧಿವೇಶನ ಶುರುವಾದರೆ ಮೊದಲ ದಿನ ಸಂತಾಪ, ನಡುವೆ ಒಂದು ಜಯಂತಿ, ಒಂದು ಭಾವಚಿತ್ರ ಅನಾವರಣ. ಇತ್ತ ನಮ್ಮ ಹೊಲಗಳು ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರಿಗೆ ಬಾಯಿಬಿಟ್ಟು ಕೂತಿವೆ. ಶಾಸನಸಭೆ ಇರುವುದು ಕಾನೂನು ಮಾಡಲಿಕ್ಕೋ, ಸನ್ಮಾನ ಮಾಡಲಿಕ್ಕೋ? ಇದನ್ನೆಲ್ಲ ನಿಲ್ಲಿಸಿ ಎಂದು ನೀವಾದರೂ ಬರೆಯಬಾರದೇ?
— ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ನಮ್ಮ ಕಚೇರಿಯಲ್ಲಿ ಗಟ್ಟಿಯಾಗಿ ಓದಿಸಿದೆ. ಇಲ್ಲಿನ ಹುಡುಗರೆಲ್ಲ ನಿಮ್ಮ ಪಕ್ಷ. ನಾನೊಬ್ಬನೇ ಆಚೆ ಕಡೆ.

ನಿಮ್ಮ ಸಿಟ್ಟಿನಲ್ಲಿ ನ್ಯಾಯ ಇಲ್ಲ ಎನ್ನುವುದಿಲ್ಲ. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ರೂಪಾಯಿ ಎಂದು ಘೋಷಣೆ ಆಯಿತು. ಆಮೇಲೆ ಆ ದುಡ್ಡಿಗಾಗಿ ನಮ್ಮ ರೈತರು ಬೀದಿಯಲ್ಲಿ ಕೂರಬೇಕಾಯಿತು. ಅಧಿವೇಶನದ ದಿನಗಳು ಮೊದಲೇ ಕಡಿಮೆ, ಅದರಲ್ಲೂ ಗದ್ದಲಕ್ಕೆ ಹೋಗುವುದೇ ಜಾಸ್ತಿ. ಇಷ್ಟನ್ನು ಒಪ್ಪಿದೆ. ಆದರೆ 'ನಿಲ್ಲಿಸಿ' ಎಂದು ನನ್ನ ಕೈಯಲ್ಲಿ ಬರೆಸಬೇಡಿ. ನಾನು ಕೇಳುವುದೇ ಬೇರೆ. ಮೆಟ್ಟಿಲ ಮೇಲೆ ನಡೆಯುವ ಈ ಗೌರವ ಸದನದ ಒಳಗೆ ನಡೆಯಲಿ. ಶಾಲಿನ ಬದಲು ಮಾತಿನಲ್ಲಿ ನಡೆಯಲಿ. ಹೆಸರು ಹಿಡಿದು ನಡೆಯಲಿ.

ಸಮಾರಂಭ ಬೇರೆ, ಶಾಸನಸಭೆ ಬೇರೆ ಎಂದು ನೀವು ಗೆರೆ ಎಳೆದಿದ್ದೀರಿ. ನಮ್ಮ ನಾಡಿನಲ್ಲಿ ಆ ಗೆರೆ ಮೊದಲಿನಿಂದಲೂ ಇರಲಿಲ್ಲ. ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದ್ದು 1881ರ ಅಕ್ಟೋಬರ್ 7ರಂದು, ದಸರಾ ಕಾಲದಲ್ಲಿ. ದಿವಾನರು ರಂಗಾಚಾರ್ಲು. ಬಂದವರು 144 ಮಂದಿ, ಹೆಚ್ಚಿನವರು ಜಮೀನುದಾರರು, ವ್ಯಾಪಾರಿಗಳು. ಚುನಾವಣೆ ಇಲ್ಲ, ಮತದ ಅಧಿಕಾರ ಇಲ್ಲ. ದಿವಾನರು ವರದಿ ಓದಿದರು, ಇವರು ತಮ್ಮ ತಾಲ್ಲೂಕಿನ ಕಷ್ಟ ಹೇಳಿಕೊಳ್ಳಬಹುದಿತ್ತು, ಅಷ್ಟೇ. ದಸರೆಯ ಮೆರವಣಿಗೆ ನೋಡಲು ಬಂದ ಜನ ಹಾಗೇ ಕೂತು ಕೆರೆ, ರಸ್ತೆ, ಕಂದಾಯದ ಮಾತಾಡಿದರು. ಸಂಭ್ರಮದ ಪಕ್ಕದಲ್ಲೇ ಕೆಲಸ ನಡೆಯಿತು. ವರ್ಷ ವರ್ಷ ಹೀಗೇ ನಡೆದು ಅದು ಗಟ್ಟಿಯಾಯಿತು.

ಸಂತಾಪ ಸೂಚನೆಯ ಬಗ್ಗೆ ನೀವು ಬರೆದ ಸಾಲು ನನಗೆ ಬೇಜಾರು ತಂದಿತು. ಪೇಪರಿನಲ್ಲಿ ಅದು ನಾಲ್ಕು ಸಾಲಿನ ಸುದ್ದಿ, ಒಪ್ಪುತ್ತೇನೆ. ಆದರೆ ಒಮ್ಮೆ ಪೂರ್ತಿ ನಡಾವಳಿ ತೆಗೆದು ಓದಿ. ಸಭಾಧ್ಯಕ್ಷರು ತೀರಿಕೊಂಡವರ ಹುಟ್ಟೂರು, ಓದು, ಗೆದ್ದ ಕ್ಷೇತ್ರ ಹೇಳುತ್ತಾರೆ. ಆಮೇಲೆ ಮುಖ್ಯಮಂತ್ರಿ, ವಿರೋಧ ಪಕ್ಷದ ನಾಯಕರು, ಆ ಜಿಲ್ಲೆಯ ಶಾಸಕರು ಒಬ್ಬೊಬ್ಬರಾಗಿ ಏಳುತ್ತಾರೆ. ಆಗ ಹೊರಗೆ ಬರುತ್ತದೆ ನೋಡಿ, ಯಾವ ಹೋಬಳಿಗೆ ಹೈಸ್ಕೂಲು ಯಾರ ಓಡಾಟದಿಂದ ಬಂತು, ಯಾವ ಕೆರೆ ಏರಿಗಾಗಿ ಯಾರು ಜಗಳ ಆಡಿದರು, ಯಾರು ಕೊನೆತನಕ ಕೆಂಪು ಬಸ್ಸಿನಲ್ಲೇ ಓಡಾಡಿದರು ಎಂದು. ನಮ್ಮ ತಾಲ್ಲೂಕುಗಳ ಚರಿತ್ರೆ ಬರೆಯಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಕರ ಕಡಿಮೆ. ಕಡೆಗೆ ಎರಡೂ ಕಡೆಯವರು ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಇಡೀ ಅಧಿವೇಶನದಲ್ಲಿ ಹಾಗೆ ಒಟ್ಟಿಗೆ ನಿಲ್ಲುವುದು ಇನ್ನೆಷ್ಟು ಸಲ? ಪ್ರೇಕ್ಷಕರ ಗ್ಯಾಲರಿಯಲ್ಲಿ ಶಾಲೆ ಮಕ್ಕಳು ಕೂತಿದ್ದರೆ ಅವರು ನೋಡಬೇಕಾದದ್ದು ಆ ಒಂದು ನಿಮಿಷವನ್ನೇ. ನಮ್ಮ ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ಹೋಗುವುದು ಗದ್ದಲದ ದಿನ.

ಇನ್ನು ನೆಹರೂ ಫೋಟೊ, ನವೆಂಬರ್ 14, ಗುಲಾಬಿ ಹೂವು. ಇಲ್ಲಿ ನಿಮ್ಮ ಜೊತೆ ಒಂದು ಹೆಜ್ಜೆ ಬರುತ್ತೇನೆ. ಬರೀ ಹಾರ ಹಾಕಿದರೆ ಮಕ್ಕಳಿಗೆ ಏನೂ ಸಿಗುವುದಿಲ್ಲ. ಅದರ ಬದಲು ಸದನದಲ್ಲಿ ಯಾರಾದರೂ ಎದ್ದು ಈ ಕಥೆ ಹೇಳಲಿ.

ಯುದ್ಧದ ಕಾಲದಲ್ಲಿ, 1943ರಲ್ಲಿ, ಟೋಕಿಯೊದ ಉಯೆನೊ ಮೃಗಾಲಯದ ಆನೆಗಳನ್ನು ಉಪವಾಸ ಕೆಡವಿ ಸಾಯಿಸಿದರು. ಬಾಂಬ್ ಬಿದ್ದು ಕಟ್ಟಡ ಒಡೆದರೆ ಅವು ಊರಿಗೆ ನುಗ್ಗುತ್ತವೆ ಎಂಬ ಭಯ. ಯುದ್ಧ ಮುಗಿಯಿತು. ಆ ಮೃಗಾಲಯ ಇರುವ ತೈತೊ ಎಂಬ ಭಾಗದಲ್ಲಿ ಮಕ್ಕಳದ್ದೇ ಒಂದು ಸಭೆ ಇತ್ತು. 1949ರಲ್ಲಿ ಆ ಸಭೆ ಕೂತು ನಮಗೆ ಆನೆ ಬೇಕು ಎಂದು ನಿರ್ಣಯ ಮಾಡಿತು. ನಿರ್ಣಯ ಮಾಡಿ ಸುಮ್ನೆ ಕೂರಲಿಲ್ಲ. ಮಕ್ಕಳ ಅರ್ಜಿ ಜಪಾನಿನ ಸಂಸತ್ತಿನ ಮೇಲ್ಮನೆಯವರೆಗೆ ಹೋಯಿತು. ಟೋಕಿಯೊದ ಮಕ್ಕಳು ಬರೆದ ನೂರಾರು ಪತ್ರಗಳು ದೆಹಲಿಗೆ ಬಂದು ನೆಹರೂ ಕೈ ಸೇರಿದವು. ನೆಹರೂ ಒಪ್ಪಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆನೆ ಟೋಕಿಯೊ ತಲುಪಿತು. ಅದಕ್ಕೆ ಇಟ್ಟದ್ದು ತಮ್ಮ ಮಗಳ ಹೆಸರು, ಇಂದಿರಾ.

ಆ ಆನೆ ಎಲ್ಲಿಯದು ಗೊತ್ತೇ ಮೇಷ್ಟ್ರೇ? ನಮ್ಮ ಮೈಸೂರು ಸೀಮೆಯದು. ಅದಕ್ಕೆ ತಿಳಿಯುತ್ತಿದ್ದದ್ದು ಕನ್ನಡ. ಜೊತೆಗೆ ಹೋದ ಮಾವುತರಿಂದ ಅಲ್ಲಿನವರು ಕನ್ನಡದ ಮಾತು ಕಲಿತು ಆನೆಯನ್ನು ನಡೆಸಿದರು. ಯುದ್ಧದಲ್ಲಿ ಸೋತು ಬೂದಿಯಾದ ಊರಿನಲ್ಲಿ, ಸಭೆ ನಡೆಸಿ, ಅರ್ಜಿ ಬರೆದು, ಒಂದು ದೇಶದ ಪ್ರಧಾನಿಯಿಂದ ಆನೆ ತರಿಸಿಕೊಂಡ ಮಕ್ಕಳಿವರು. ಇದನ್ನು ನಮ್ಮ ಮಕ್ಕಳಿಗೆ ಹೇಳಿದವರು ಯಾರು? ಸದನದಲ್ಲಿ ಹೇಳಲು ಐದು ನಿಮಿಷ ಸಾಕು. ನೆಹರೂ ಎಂಬ ಮನುಷ್ಯನೂ ತಿಳಿಯುತ್ತಾರೆ, ಅರ್ಜಿ ಎಂಬುದರ ಬೆಲೆಯೂ ತಿಳಿಯುತ್ತದೆ.

ಧೈರ್ಯ ತೋರಿದ ಮಕ್ಕಳಿಗೆ ರಾಷ್ಟ್ರಮಟ್ಟದಲ್ಲಿ ಪ್ರಶಸ್ತಿ ಕೊಡುವ ಪದ್ಧತಿಯ ಹಿಂದೆಯೂ ಒಬ್ಬ ಹುಡುಗನಿದ್ದಾನೆ. 1957ರ ಅಕ್ಟೋಬರ್ 2ರಂದು ದೆಹಲಿಯ ರಾಮಲೀಲಾ ಕಾರ್ಯಕ್ರಮದಲ್ಲಿ ಶಾಮಿಯಾನಕ್ಕೆ ಬೆಂಕಿ ಬಿತ್ತು. ನೆಹರೂ ಅಲ್ಲೇ ಇದ್ದರು. ಹರೀಶ್ ಚಂದ್ರ ಮೆಹ್ರಾ ಎಂಬ 14 ವರ್ಷದ ಸ್ಕೌಟ್ ಹುಡುಗ ಕಂಬ ಹತ್ತಿ ಚಾಕುವಿನಿಂದ ಬಟ್ಟೆ ಕತ್ತರಿಸಿ ಬೆಂಕಿ ಹರಡದಂತೆ ತಡೆದ. ನಮ್ಮ ರಾಜ್ಯದಲ್ಲಿ ಹುಡುಗರಿಗೆ ಹೊಯ್ಸಳ ಶೌರ್ಯ ಪ್ರಶಸ್ತಿ, ಹುಡುಗಿಯರಿಗೆ ಕೆಳದಿ ಚೆನ್ನಮ್ಮ ಶೌರ್ಯ ಪ್ರಶಸ್ತಿ ಇದೆ, ಮಕ್ಕಳ ದಿನಾಚರಣೆಯ ಹೊತ್ತಿಗೆ ಕೊಡುತ್ತಾರೆ. ಮರುದಿನದ ಫೋಟೊದಲ್ಲಿ ಕೊಟ್ಟವರ ಹೆಸರೆಲ್ಲ ಇರುತ್ತದೆ. ಬಾವಿಗೆ ಬಿದ್ದ ತಮ್ಮನನ್ನು ಎಳೆದು ಉಳಿಸಿದ ಹುಡುಗಿ 'ಮಕ್ಕಳೊಂದಿಗೆ' ಎಂಬ ಪದದೊಳಗೆ ಕರಗಿರುತ್ತಾಳೆ. ಅವಳ ಹೆಸರು, ಅಪ್ಪ ಅಮ್ಮನ ಹೆಸರು, ಊರು, ಅವಳು ಮಾಡಿದ್ದು, ಇಷ್ಟನ್ನು ಸಭಾಧ್ಯಕ್ಷರ ಪೀಠದಿಂದ ಯಾಕೆ ಓದಬಾರದು? ಶಾಲು ಪೆಟ್ಟಿಗೆ ಸೇರುತ್ತದೆ. ನಡಾವಳಿಯಲ್ಲಿ ಬಿದ್ದ ಹೆಸರು ಅವಳ ಮೊಮ್ಮಕ್ಕಳಿಗೂ ಸಿಗುತ್ತದೆ.

ಅಮೆರಿಕದ ರಾಜ್ಯಗಳಲ್ಲಿ ಇದು ಮಾಮೂಲು. ಯಾವುದೋ ಸಣ್ಣ ಊರಿನ ಶಾಲೆ ಆಟದಲ್ಲಿ ಗೆದ್ದರೂ ರಾಜ್ಯದ ಸದನ ನಿರ್ಣಯ ಮಾಡಿ ಅಭಿನಂದಿಸುತ್ತದೆ. ಲಿಂಕನ್ 1834ರಿಂದ 1842ರವರೆಗೆ ಇಲಿನಾಯ್ ರಾಜ್ಯದ ಸದನದಲ್ಲಿ ಕೂತಿದ್ದವರು, ಅವರ ಹುಟ್ಟಿದ ದಿನ ಫೆಬ್ರುವರಿ 12 ಅಲ್ಲಿ ರಾಜ್ಯದ ರಜೆ. ನಮ್ಮಲ್ಲೂ ಅಭಿನಂದನಾ ನಿರ್ಣಯಗಳು ಆಗುತ್ತವೆ, ಆದರೆ ದೊಡ್ಡ ಗೆಲುವಿಗೆ, ದೊಡ್ಡ ಹೆಸರಿಗೆ.

ನೀವು ಪಾಠ ಮಾಡಿದವರು. ಬೆಳಗಿನ ಪ್ರಾರ್ಥನೆ ಹೊತ್ತಿನಲ್ಲಿ, ಓಟದಲ್ಲಿ ಗೆದ್ದು ಬಂದ ಹುಡುಗನನ್ನು ಹೆಸರು ಕೂಗಿ ಎಲ್ಲರ ಮುಂದೆ ನಿಲ್ಲಿಸಿದ್ದೀರಿ ಅಲ್ವಾ? ಗಣಿತದ ಪಿರಿಯಡ್ಡು ಹಾಳಾಯಿತು ಎಂದು ಆಗ ಅನ್ನಿಸಿತ್ತೇ? ರಾಜ್ಯದ ಮಟ್ಟಿಗೆ ಸದನವೂ ಅಂಥದೊಂದು ಪ್ರಾರ್ಥನೆಯ ಅಂಗಳ.

ಜಗಳೂರು ತಾಲ್ಲೂಕಿನ ಒಂದು ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನೋಡಲು ಹೋಗಿದ್ದೆ. ಆರನೇ ಕ್ಲಾಸಿನ ಹುಡುಗಿಯೊಬ್ಬಳು ನೋಟ್‌ಬುಕ್ಕಿನಿಂದ ಹರಿದ ಹಾಳೆ ಹಿಡಿದು ಎದ್ದಳು. 'ನಮ್ಮ ಶಾಲೆ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕ ಇಲ್ಲ. ಒಬ್ಬರು ಒಳಗೆ ಹೋದ್ರೆ ಇನ್ನೊಬ್ಬರು ಬಾಗಿಲು ಹಿಡ್ಕೊಂಡು ನಿಲ್ಬೇಕು. ಇಬ್ಬರಿಗೂ ಪಾಠ ತಪ್ಪುತ್ತೆ' ಎಂದಳು. ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ನಡಾವಳಿ ಪುಸ್ತಕ ಎಳೆದುಕೊಂಡು 'ಹೆಸರು ಹೇಳವ್ವ' ಎಂದರು. ಹುಡುಗಿ ಹೆಸರು, ಇನಿಷಿಯಲ್, ಕ್ಲಾಸು ಎಲ್ಲ ಹೇಳಿದಳು. ಹೇಳಿ ಜಾಗಕ್ಕೆ ಹೋಗಲಿಲ್ಲ. ಮೇಜಿನ ಹತ್ತಿರ ಬಂದು, ಜಡೆಯನ್ನು ಹಿಂದಕ್ಕೆ ಹಾಕಿಕೊಂಡು, ಬಗ್ಗಿ ತನ್ನ ಹೆಸರು ಸರಿಯಾಗಿ ಬರೆದಿದ್ದಾರಾ ಎಂದು ನೋಡಿದಳು. ಇನಿಷಿಯಲ್ ತಪ್ಪಾಗಿತ್ತು. ಬೆರಳಿಟ್ಟು ತೋರಿಸಿದಳು. ಪಿಡಿಒ ತಿದ್ದಿದರು. ಆಮೇಲೆ ಎಲ್ಲ ಮಕ್ಕಳಿಗೂ ಪೆನ್ನು, ಬಿಸ್ಕತ್ತು ಹಂಚಿದರು. ಅವಳ ಮುಖದಲ್ಲಿದ್ದ ಕಳೆ ಆ ಪೆನ್ನಿನಿಂದ ಬಂದದ್ದಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳುತ್ತೇನೆ.

ನನಗೆ ಸಿಟ್ಟು ಬರುವುದು ಮಕ್ಕಳನ್ನು ಬರೀ ಅಲಂಕಾರಕ್ಕೆ ಕೂರಿಸುವಲ್ಲಿ. ನಮ್ಮ ದಾವಣಗೆರೆಯಲ್ಲೇ ಒಂದು ಜಯಂತಿ ಕಾರ್ಯಕ್ರಮ. ಬೆಳಿಗ್ಗೆ ಒಂಬತ್ತಕ್ಕೆ ಶಾಲೆ ಮಕ್ಕಳನ್ನು ತಂದು ಬಿಸಿಲಿಗೆ ಕೂರಿಸಿದರು. ಗಣ್ಯರು ಬಂದಾಗ ಹನ್ನೆರಡು ದಾಟಿತ್ತು. ಯಾರ ಜಯಂತಿ ಎಂದು ಪಕ್ಕದ ಹುಡುಗನನ್ನು ಕೇಳಿದೆ. ಪಾಪ, ಅವನು ತಲೆ ಎತ್ತಿ ಫ್ಲೆಕ್ಸ್ ನೋಡಿದ. ಫ್ಲೆಕ್ಸ್ ತುಂಬ ಈಗಿನವರ ಮುಖ. ಮೇಲಿನ ಮೂಲೆಯಲ್ಲಿದ್ದ ಸಣ್ಣ ಮುಖವೇ ಆ ಮಹನೀಯರದ್ದು ಎಂದು ಮಗುವಿಗೆ ಹೇಗೆ ಗೊತ್ತಾಗಬೇಕು? ಹಿಂದಿನವರನ್ನು ನೆನೆಯುವ ನೆಪದಲ್ಲಿ ಈಗಿನವರು ತಮ್ಮನ್ನೇ ನೆನೆದುಕೊಳ್ಳುತ್ತಿದ್ದಾರೆ.

ಇನ್ನೊಂದು ಸಂಕಟ, ಹಿರಿಯರನ್ನು ಹಂಚಿಕೊಂಡಿರುವುದು. ಈ ಫೋಟೊ ನಮ್ಮವರದು, ಆ ಪ್ರತಿಮೆ ಅವರದು. 2022ರ ಡಿಸೆಂಬರ್ 19ರಂದು ಬೆಳಗಾವಿಯ ಸುವರ್ಣ ವಿಧಾನಸೌಧದ ಸಭಾಂಗಣದಲ್ಲಿ ಭಾವಚಿತ್ರಗಳ ಅನಾವರಣ ಆದಾಗ ಒಳಗೆ ಸಮಾರಂಭ, ಹೊರಗೆ ಧರಣಿ. ಯಾರದ್ದು ಸರಿ ಎಂಬ ವಾದ ಇಲ್ಲಿ ಬೇಡ. ಗೋಡೆಯ ಮೇಲೆ ಯಾರಿರಬೇಕು ಎಂಬುದಕ್ಕೆ ಅಷ್ಟು ಜಗಳ ಆಡಿದವರು, ಅವರಲ್ಲಿ ಯಾರಾದರೊಬ್ಬರು ಏನು ಹೇಳಿದ್ದರು ಎಂದು ಆಮೇಲೆ ಸದನದಲ್ಲಿ ಎಷ್ಟು ಸಲ ಓದಿದರು?

ನಮ್ಮ ಎರಡು ಜಿಲ್ಲೆಯವರನ್ನೇ ತೆಗೆದುಕೊಳ್ಳಿ. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲಿ ಮಾತಾಡಿದರು. ಅಲ್ಲಿ ಕನ್ನಡ ಕೇಳಿಸಿದ್ದು ಅದೇ ಮೊದಲು. ಸ್ಪೀಕರ್ ಆಗಿದ್ದ ನೀಲಂ ಸಂಜೀವ ರೆಡ್ಡಿ ಅವಕಾಶ ಕೊಟ್ಟರು. ದಾವಣಗೆರೆ 1997ರಲ್ಲಿ ಜಿಲ್ಲೆಯಾದದ್ದು ಅದೇ ಪಟೇಲರು ಮುಖ್ಯಮಂತ್ರಿ ಆಗಿದ್ದಾಗ. ದಾವಣಗೆರೆಯ ಯಾವ ಶಾಲೆಯಲ್ಲಿ ಬೇಕಾದರೂ ಕೇಳಿ ನೋಡಿ, ಎರಡನೆಯದು ಗೊತ್ತಿರುತ್ತದೆ, ಮೊದಲನೆಯದು ಗೊತ್ತಿರುವುದಿಲ್ಲ.

ಮತ್ತೆ ನಿಮ್ಮ ಊರಿನ ನಿಜಲಿಂಗಪ್ಪನವರು. ದುರ್ಗದಲ್ಲಿ ವಕೀಲಿ ಮಾಡಿಕೊಂಡಿದ್ದವರು, ತುರುವನೂರಿನಲ್ಲಿ 1939ರಲ್ಲಿ ಈಚಲು ಮರ ಕಡಿದು ನಡೆಸಿದ ಸತ್ಯಾಗ್ರಹದ ಕಾಲದವರು, ಸಂವಿಧಾನ ಸಭೆಯ ಸದಸ್ಯರು, 1956ರ ನವೆಂಬರ್ 1ರಂದು ಒಂದಾದ ರಾಜ್ಯದ ಮೊದಲ ಮುಖ್ಯಮಂತ್ರಿ. 2000ನೇ ಇಸವಿ ಆಗಸ್ಟ್ 8ರಂದು ತಮ್ಮ ದುರ್ಗದಲ್ಲೇ ಕಣ್ಣು ಮುಚ್ಚಿದರು. ಸೀಬಾರದಲ್ಲಿರುವ ಅವರ ಸ್ಮಾರಕದ ಮುಂದೆ ಹೆದ್ದಾರಿಯಲ್ಲಿ ದಿನಕ್ಕೆ ಎಷ್ಟೋ ಸಾವಿರ ಗಾಡಿ ಹೋಗುತ್ತವೆ, ನಿಲ್ಲುವುದು ಬೆರಳೆಣಿಕೆ. ಅವರ ಮನೆಯನ್ನು ಸ್ಮಾರಕ ಮಾಡುವ ಮಾತು ಎಷ್ಟು ವರ್ಷ ಬರೀ ಮಾತಾಗಿ ಓಡಾಡಿತು ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಒನಕೆ ಓಬವ್ವ ಜಯಂತಿಯನ್ನು ನವೆಂಬರ್ 11ಕ್ಕೆ ಸರ್ಕಾರವೇ ಆಚರಿಸಲು 2021ರವರೆಗೆ ಕಾಯಬೇಕಾಯಿತು. ಕೋಟೆಯ ಕಿಂಡಿ ಮುಂದೆ ನಿಂತು ಶಾಲೆ ಮಕ್ಕಳು ಅವಳ ಕಥೆ ಕೇಳುತ್ತಿದ್ದದ್ದು ತಲೆತಲಾಂತರದಿಂದ.

ಹೀಗಿರುವಾಗ ನೀವು, ಅದೂ ದುರ್ಗದ ಮೇಷ್ಟ್ರು, ಇರುವ ನೆನಪಿನ ಹೊತ್ತನ್ನೂ ನಿಲ್ಲಿಸಿ ಎಂದರೆ ಹೇಗೆ? ನೀರು ಕೇಳಿ, ಜೋರಾಗಿ ಕೇಳಿ, ನಾವೂ ಬರೆಯುತ್ತೇವೆ. ಹತ್ತು ನಿಮಿಷದ ಗೌರವದಿಂದ ಕಾಲುವೆ ನಿಂತಿಲ್ಲ. ನೀರಿಗಾಗಿ ಮೊದಲು ಸದನದಲ್ಲಿ ಎದ್ದು ಮಾತಾಡಿದವರು ಯಾರು ಎಂದು ಮಕ್ಕಳಿಗೆ ಗೊತ್ತಿದ್ದರೆ, ನಾಳೆ ಎದ್ದು ಕೇಳುವವರೂ ಅವರಲ್ಲೇ ಸಿಗುತ್ತಾರೆ.

ನಿಜಲಿಂಗಪ್ಪನವರು ಹುಟ್ಟಿದ್ದು 1902ರ ಡಿಸೆಂಬರ್ 10. ಬೆಳಗಾವಿ ಅಧಿವೇಶನ ಸಾಮಾನ್ಯವಾಗಿ ನಡೆಯುವುದೂ ಆ ಹೊತ್ತಿಗೇ. ಆ ದಿನ ಪ್ರಶ್ನೋತ್ತರಕ್ಕೆ ಮುಂಚೆ ಅವರು ಇದೇ ಸದನದಲ್ಲಿ ಆಡಿದ ಮಾತಿನ ಒಂದು ಪುಟ ಓದಲಿ, ಆ ವರ್ಷ ಶೌರ್ಯ ಪ್ರಶಸ್ತಿ ಪಡೆದ ಮಕ್ಕಳ ಹೆಸರು, ಊರು, ಮಾಡಿದ ಕೆಲಸ ಓದಲಿ, ಗ್ಯಾಲರಿಯಲ್ಲಿ ಆ ಮಕ್ಕಳೂ ಇರಲಿ. ಇದನ್ನು ಕೇಳಿ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ. ನನಗೆ ಬರೆದಷ್ಟೇ ಖಾರವಾಗಿ ಬರೆಯಿರಿ. ಪಕ್ಕದ ಶಾಲೆಯ ಮಕ್ಕಳಿಂದಲೂ ಬರೆಸಿ, ಅವರ ಅಕ್ಷರದಲ್ಲೇ ಇರಲಿ, ತಿದ್ದಬೇಡಿ. ನಕಲು ನಮಗೆ ಕಳಿಸಿ. ಅದರ ಮುಂದಿನ ಸಂಚಿಕೆಯಲ್ಲೇ ಹಾಕುತ್ತೇವೆ. ಶಾಸಕರ ಉತ್ತರ ಬಂದರೆ ಅದನ್ನೂ ಹಾಕುತ್ತೇವೆ, ಬಾರದಿದ್ದರೆ ಬಂದಿಲ್ಲ ಎಂದೂ ಹಾಕುತ್ತೇವೆ.