ಮಾತ್ರೆ ಕೆಲಸ ನಿಲ್ಲಿಸಿದ ಮೇಲೆ

ಪ್ರಶ್ನೆ: ಅಮ್ಮನಿಗೆ 4ನೇ ಹಂತದ ಶ್ವಾಸಕೋಶದ ಕ್ಯಾನ್ಸರ್. ಇಜಿಎಫ್‌ಆರ್ ಎಂಬ ಜೀನ್‌ನಲ್ಲಿ ಬದಲಾವಣೆ ಇದೆಯೆಂದು ಜೆಫಿಟಿನಿಬ್ ಮಾತ್ರೆ ಕೊಟ್ಟರು. 2 ವರ್ಷ ಅಡಿಕೆ ಸುಲಿಯುತ್ತಾ ಆರಾಮಾಗಿದ್ದರು. ಈಗ ಗಡ್ಡೆ ಮತ್ತೆ ಬೆಳೆದಿದೆ. ಇನ್ನೇನೂ ಉಳಿದಿಲ್ಲವೇ ಡಾಕ್ಟ್ರೇ?
– ಓದುಗಿ, ಬದಿಯಡ್ಕ

ಉತ್ತರ: ಉಳಿದಿದೆ ತಂಗಿ. ಈ ಮಾತ್ರೆಗೆ ಕ್ಯಾನ್ಸರ್ ನಿಧಾನವಾಗಿ ಒಗ್ಗಿಕೊಳ್ಳುತ್ತದೆ. ಅದು ಅಮ್ಮನ ತಪ್ಪಲ್ಲ, ನಿಮ್ಮದೂ ಅಲ್ಲ. ಮತ್ತೊಮ್ಮೆ ಜೀನ್ ಪರೀಕ್ಷೆ ಮಾಡಿಸಿ, ಮೊದಲು ರಕ್ತದಲ್ಲೇ ನೋಡಬಹುದು. ಸುಮಾರು ಅರ್ಧದಷ್ಟು ಜನರಲ್ಲಿ ಟಿ790ಎಂ ಎಂಬ ಹೊಸ ಬದಲಾವಣೆ ಸಿಗುತ್ತದೆ. ಸಿಕ್ಕರೆ ಓಸಿಮರ್ಟಿನಿಬ್ ಮಾತ್ರೆ. ರಕ್ತದಲ್ಲಿ ಸಿಗದಿದ್ದರೆ ಗಡ್ಡೆಯ ಚೂರು ತೆಗೆದು ನೋಡಬೇಕು. ಅಲ್ಲೂ ಇಲ್ಲದಿದ್ದರೆ ಕೀಮೋ ಇದೆ.

ನನ್ನ ಅಕ್ಕ ಹೀಗೆ ಒಂದೊಂದೇ ಮದ್ದು ದಾಟುತ್ತಾ 7 ವರ್ಷ ಬದುಕಿದಳು. ಕೊನೆಯ ಆಟಿ ತಿಂಗಳಲ್ಲೂ ಪತ್ರೊಡೆಗೆ ಕೆಸುವಿನ ಎಲೆ ತಾನೇ ಸುತ್ತಿದಳು. ಎಲ್ಲರಿಗೂ ಅಷ್ಟು ಸಿಗುತ್ತದೆ ಎನ್ನಲಾರೆ. ಹಳೆಯ ಬಯಾಪ್ಸಿ ರಿಪೋರ್ಟ್ ಹಿಡಿದು ಈ ವಾರವೇ ಹೋಗಿ. ಅಲ್ಲಿಯವರೆಗೆ ಮಾತ್ರೆಯನ್ನು ಸುಮ್ನೆ ನೀವಾಗಿಯೇ ನಿಲ್ಲಿಸಬೇಡಿ.