‘ಸೊಸೆ ಊಟ ಹಾಕಲ್ಲ’ ಎನ್ನುವ ಅತ್ತೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಬಳಿ ಸಲಹೆ ಕೇಳಲು ಬಂದವರು ನಲವತ್ತು ದಾಟಿದ ಗೃಹಿಣಿ. ಅವರ ಅತ್ತೆಗೆ ಎಪ್ಪತ್ತರ ಮೇಲೆ ವಯಸ್ಸು. ಊಟ ಮಾಡಿ ಕೈ ತೊಳೆದ ಅರ್ಧ ಗಂಟೆಗೆ ಅತ್ತೆ ಜಗಲಿ ಮೇಲೆ ಕೂತು ಎದುರುಮನೆಯವರಿಗೆ ಹೇಳುತ್ತಾರೆ: “ಬೆಳಿಗ್ಗೆಯಿಂದ ಒಂದು ತುತ್ತೂ ಹಾಕಿಲ್ಲ ಕಣವ್ವಾ.” ಸರವನ್ನು ತಾವೇ ದಿಂಬಿನ ಕವರಿನೊಳಗೆ ತುರುಕಿ, ಸೊಸೆ ಕದ್ದಳು ಎನ್ನುತ್ತಾರೆ. ಎದುರುಮನೆಯವರು ತಟ್ಟೆ ತುಂಬಿ ಕಳಿಸುತ್ತಾರೆ. ನಾದಿನಿ ಫೋನ್ ಮಾಡಿ ಬೈಯುತ್ತಾರೆ. ಗಂಡನದು ಒಂದೇ ಮಾತು: “ವಯಸ್ಸಾಯ್ತಲ್ಲ, ಅರಳು ಮರಳು. ಸುಮ್ನಿರು.” ಡಾಕ್ಟರಿಗೆ ತೋರಿಸೋಣ ಎಂದರೆ, “ನಮ್ಮಮ್ಮನಿಗೆ ಹುಚ್ಚು ಅಂತ ಊರಿಗೆಲ್ಲ ಸಾರಬೇಕಾ?”

“ಮೇಡಂ, ನಾನೇ ಕೆಟ್ಟವಳಾ?” ಎಂದು ಆಕೆ ಕೇಳಿದರು.

ಖಂಡಿತ ಅಲ್ಲ ಎಂದೆ. ಇದು ಮರೆವಿನ ಕಾಯಿಲೆ, ಡಿಮೆನ್ಷಿಯಾ ಇರಬಹುದು. ಈಗಷ್ಟೇ ನಡೆದದ್ದು ಅಂಥವರ ಮಿದುಳಿನಲ್ಲಿ ಉಳಿಯುವುದಿಲ್ಲ. ಹಳೆಯದು ಬಹಳ ದಿನ ಗಟ್ಟಿಯಾಗಿರುತ್ತದೆ. ಹಾಗಾಗಿ ಒಂದು ಗಂಟೆ ಬಂದು ಹೋಗುವ ಮಗಳಿಗೆ ಅಮ್ಮ ಚೆನ್ನಾಗಿಯೇ ಕಾಣುತ್ತಾರೆ. ಹಗಲು ರಾತ್ರಿ ಜೊತೆಗಿರುವವರ ಮೇಲೆಯೇ ಆರೋಪವೂ ಬರುತ್ತದೆ.

ಗಂಡನನ್ನೂ ನಾದಿನಿಯನ್ನೂ ಕರೆಸಿದೆ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ, 60 ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಬರೀ ವಯಸ್ಸಿನ ಕಾರಣಕ್ಕೆ ಬರುವುದಾದರೆ ಎಲ್ಲ ಮುದುಕರಿಗೂ ಬರಬೇಕಿತ್ತು, ಅಲ್ವಾ? ಗಂಡ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಥೈರಾಯ್ಡ್ ಏರುಪೇರು, ವಿಟಮಿನ್ ಬಿ12 ಕೊರತೆ, ಖಿನ್ನತೆ, ಬಿದ್ದಾಗ ತಲೆಯೊಳಗೆ ಕಟ್ಟಿದ ರಕ್ತ ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆಯಿದೆ. ‘ಅರಳು ಮರಳು’ ಎಂದು ಕೂತರೆ ಆ ಅವಕಾಶವೂ ಕೈತಪ್ಪುತ್ತದೆ. ಈ ಮಾತಿಗೆ ಅವರು ಪರೀಕ್ಷೆಗೆ ಒಪ್ಪಿದರು.

ನಾದಿನಿಗೆ ನಾನು ಜಾಸ್ತಿ ವಿವರಿಸಲಿಲ್ಲ. ತವರಿಗೆ ಬಂದು ನಾಲ್ಕು ದಿನ ಇರಿ ಎಂದೆ. ಅಮ್ಮನನ್ನು ನಿಮ್ಮ ಮನೆಗೆ ಕರೆದೊಯ್ಯಬೇಡಿ, ಜಾಗ ಬದಲಾದರೆ ಗೊಂದಲ ಹೆಚ್ಚುತ್ತದೆ.

ಸೊಸೆಗೆ ಹೇಳಿದ್ದು: “ಈಗ ತಾನೇ ತಿಂದ್ರಲ್ಲ” ಎಂದು ವಾದ ಮಾಡಬೇಡಿ. ತಿಂದ ನೆನಪೇ ಇಲ್ಲದವರಿಗೆ ಅದು ಸುಳ್ಳಾಗಿಯೇ ಕೇಳುತ್ತದೆ. “ಅನ್ನ ಆಗ್ತಾ ಇದೆ ಅತ್ತೆ, ಅಷ್ಟರಲ್ಲಿ ಇದು ತಿನ್ನಿ” ಎಂದು ಸ್ವಲ್ಪ ಮಂಡಕ್ಕಿ ಕೊಡಿ. ಸರ ಕಾಣದಿದ್ದರೆ “ಬನ್ನಿ, ಇಬ್ಬರೂ ಹುಡುಕೋಣ” ಎನ್ನಿ. ದಿಂಬಿನ ಕಡೆ ಅವರನ್ನೇ ಕರೆದೊಯ್ಯಿರಿ, ಅವರ ಕೈಗೇ ಸಿಗಲಿ.

ಎದುರುಮನೆಯವರಿಗೆ ಹೇಳಲೇಬೇಕು ಎಂದು ನಾನು ಪಟ್ಟು ಹಿಡಿದೆ. ಮುಚ್ಚಿಟ್ಟಷ್ಟು ದಿನ ಸೊಸೆಯೇ ಅಪರಾಧಿ. ಗಂಡನೇ ಹೋಗಿ, ಅಮ್ಮನ ಎದುರಿಗಲ್ಲದೆ, ಇಷ್ಟು ಹೇಳಿದರೆ ಸಾಕು: “ಅಮ್ಮನಿಗೆ ಮರೆವಿನ ಕಾಯಿಲೆ. ತಿಂದದ್ದು ನೆನಪಿರಲ್ಲ. ಮಾತಾಡಿಸ್ತಾ ಇರಿ. ಒಬ್ಬರೇ ಗೇಟು ದಾಟಿದರೆ ಫೋನ್ ಮಾಡಿ.” ರಾತ್ರಿ ತೀರಾ ಸಾಕಾದಾಗ ಮಾತಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕೊಟ್ಟೆ. ಕನ್ನಡದಲ್ಲೇ ಮಾತಾಡಬಹುದು.

ಪರೀಕ್ಷೆಯಲ್ಲಿ ಬಿ12 ಕಡಿಮೆ ಇತ್ತು, ಇಂಜೆಕ್ಷನ್ ಶುರುವಾಯಿತು. ಆದರೆ ಅದೊಂದೇ ಅಲ್ಲ, ಡಿಮೆನ್ಷಿಯಾ ತರುವ ಆಲ್ಜೈಮರ್ ಕಾಯಿಲೆ ಕೂಡ ಇದೆ ಎಂದರು ವೈದ್ಯರು. ತವರಿಗೆ ಬಂದ ನಾದಿನಿಯ ಮೇಲೂ ಸರ ಕದ್ದ ಆರೋಪ ಬಂತು. ಆಮೇಲೆ ಬೈಗುಳದ ಫೋನ್ ನಿಂತಿದೆ, ತಿಂಗಳಿಗೊಂದು ವಾರ ಅವರೇ ಬಂದು ಇರುತ್ತಾರೆ. ಎದುರುಮನೆಗೆ ಹೇಳಿದ ಗಂಡ, ದಾಯಾದಿಗಳಿಗೆ ಹೇಳಲು ಮಾತ್ರ ಇನ್ನೂ ಒಪ್ಪಿಲ್ಲ. ಊರಹಬ್ಬಕ್ಕೆ ಅವರೆಲ್ಲ ಬರುತ್ತಾರಂತೆ. ಅದಕ್ಕೂ ಮುಂಚೆ ಇನ್ನೊಮ್ಮೆ ಬರಲು ಹೇಳಿದ್ದೇನೆ.