ನಡುವೆ ಪಿನ್ ಹೊಡೆಯುವ ಪುಸ್ತಕಕ್ಕೆ ಪುಟ ಜೋಡಣೆ

18 ಪುಟದ ಕವನ ಪುಸ್ತಕವನ್ನು ಎ4 ಹಾಳೆಯಲ್ಲಿ ಪ್ರಿಂಟ್ ಮಾಡಿ, ಮಡಚಿ ಪಿನ್ ಹೊಡೆಯಲು ಪುಟ ಹೇಗೆ ಜೋಡಿಸಬೇಕು ಅಂತ ಕೇಳಿದ್ದೀರಿ. 18 ಆಗಲ್ಲ ಸರ್. ಮಡಚಿದ ಒಂದು ಹಾಳೆಗೆ ನಾಲ್ಕು ಪುಟ, ಹಾಗಾಗಿ 20 ಮಾಡಿಕೊಳ್ಳಿ. ಜಾಸ್ತಿಯಾದ ಎರಡರಲ್ಲಿ ಅರ್ಪಣೆ ಹಾಕಿ, ಇಲ್ಲ ಸುಮ್ನೆ ಖಾಲಿ ಬಿಡಿ.

ಎಲ್ಲಕ್ಕಿಂತ ಹೊರಗಿನ ಹಾಳೆಯ ಮೇಲ್ಬದಿಗೆ ಎಡಕ್ಕೆ 20, ಬಲಕ್ಕೆ 1. ಹಿಂಬದಿಗೆ ಎಡಕ್ಕೆ 2, ಬಲಕ್ಕೆ 19. ಯಾವ ಜೋಡಿ ಕೂಡಿಸಿದರೂ 21 ಬರಬೇಕು. ಬರಲಿಲ್ಲ ಅಂದ್ರೆ ಅಲ್ಲೇ ಎಡವಟ್ಟಾಗಿದೆ. ನಟ್ಟನಡುವೆ 10, 11 ಎದುರುಬದುರು ಬರುತ್ತವೆ.

ಮನೆಯಲ್ಲೇ ಪ್ರಿಂಟ್ ಮಾಡುವುದಾದರೆ ಅಡೋಬಿ ರೀಡರ್‌ನ ಬುಕ್‌ಲೆಟ್ ಆಯ್ಕೆ ಸಾಕು, ಪುಟಗಳನ್ನು ಅದೇ ಹೀಗೆ ಜೋಡಿಸುತ್ತದೆ. ಪ್ರಿಂಟರ್ ಎರಡೂ ಬದಿ ಹೊಡೆಯುವಾಗ ಶಾರ್ಟ್ ಎಡ್ಜ್ (ಹಾಳೆಯನ್ನು ಗಿಡ್ಡ ಅಂಚಿನ ಕಡೆಯಿಂದ ತಿರುಗಿಸುವ ಆಯ್ಕೆ) ಇರಲಿ, ಇಲ್ಲಾಂದ್ರೆ ಹಿಂಬದಿ ತಲೆಕೆಳಗಾಗುತ್ತದೆ. ಗದಗದ ಪ್ರೆಸ್ಸಿಗೇ ಕೊಡುತ್ತೀರಾದರೆ ಜೋಡಿಸಲು ಹೋಗಬೇಡಿ, ಒಂದೊಂದೇ ಪುಟವಾಗಿರುವ ಪಿಡಿಎಫ್ ಕೊಡಿ.